ರಾಧಾಮಣಿಯ ಹೆಸರಿಗೆ ಹುಟ್ಟಿದ ಮಗು

ಮಧುಗಿರಿ ಕೋರ್ಟಿನ ಎದುರು, ವಕೀಲ ಪ್ರಭುದೇವ್ ಅವರ ಆಫೀಸಿನಲ್ಲಿ ನಾನು ಹನ್ನೊಂದು ವರ್ಷದಿಂದ ಟೈಪಿಂಗ್ ಮಾಡುತ್ತಿದ್ದೇನೆ. ಮುರಿದ ಸಂಸಾರಗಳ ಅರ್ಜಿ ಅದೆಷ್ಟು ಬರೆದಿದ್ದೇನೋ. ‘ಅರ್ಜಿದಾರಳು’ ಎಂದು ಶುರು ಮಾಡಿದರೆ ಸಾಕು, ಮುಂದಿನದು ತಾನಾಗಿಯೇ ಬರುತ್ತದೆ: ಕುಡಿಯುತ್ತಾನೆ, ಹೊಡೆಯುತ್ತಾನೆ, ಹೊರಗೆ ಹಾಕಿದ. ಇನ್ನು ಯಾವುದಕ್ಕೂ ನಾನು ಬೆಚ್ಚಿಬೀಳುವುದಿಲ್ಲ ಎಂದುಕೊಂಡಿದ್ದೆ. ಆ ಜಂಬ ಇಳಿದದ್ದು ಲಾವಣ್ಯಳ ಕೇಸಿನಲ್ಲಿ.

ಲಾವಣ್ಯ ದೊಡ್ಡೇರಿ ಕಡೆಯವಳು, ಇಪ್ಪತ್ಮೂರು ವರ್ಷ. ಅಪ್ಪ ಬೋರಪ್ಪ ಕುರಿ ಕಾಯುತ್ತಾನೆ. ಅವಳನ್ನು ಪಾವಗಡದ ತಿರುಮಣಿಯ ಸುನಿಲ್‌ಕುಮಾರನಿಗೆ ಕೊಟ್ಟಿದ್ದರು. ಹೋದ ವರ್ಷ ಅವನು ಇವಳನ್ನು ಬಡಿದು ಹೊರಗೆ ಹಾಕಿ, ಆರು ವರ್ಷದ ಮಗಳು ಸಿರೀಷಳನ್ನು ಮನೆಯಲ್ಲೇ ಇಟ್ಟುಕೊಂಡ. ವಿಚ್ಛೇದನ, ಮಗಳ ಸುಪರ್ದಿ, ಜೀವನಾಂಶ ಮೂರನ್ನೂ ಅರ್ಜಿಯಲ್ಲಿ ಕೇಳಿದ್ದೆವು. ಅವಳಿಗೆ ಬೇಕಾಗಿದ್ದು ಒಂದೇ.

“ಡೈವೋರ್ಸು ಕೊಟ್ರೆ ಕೊಡ್ಲಿ, ಬುಟ್ರೆ ಬುಡ್ಲಿ. ದುಡ್ಡೂ ಬ್ಯಾಡ. ನನ್ ಮಗೀನ ಕೊಡ್ಸಿ ಸಾಕು ಕಣಕ್ಕ” ಎಂದಿದ್ದಳು.

ಮಗುವಿನ ಜನನ ಪತ್ರ ಎಲ್ಲಿ ಎಂದು ಅವತ್ತೇ ಕೇಳಿದ್ದೆ. ಅದು ಗಂಡನ ಮನೆಯಲ್ಲಿದೆ ಎಂದಳು. ಆಮೇಲೆ ನಕಲು ತರಿಸಿದರಾಯಿತು ಎಂದು ಬಿಟ್ಟೆ. ತಪ್ಪು ನನ್ನದೇ, ಯಾರನ್ನು ಬೈಯಲಿ.

ಆ ಸೋಮವಾರ ಬೆಳಿಗ್ಗೆ ಗಂಡನ ಕಡೆಯಿಂದ ತಕರಾರು ಬಂತು. ಪ್ರಭುದೇವ್ ಸಾರ್ ಮೂರನೇ ಪ್ಯಾರಾ ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು. ಕಾಗದವನ್ನು ನನ್ನ ಕಡೆಗೆ ತಳ್ಳಿದರು. ‘ಸದರಿ ದಾಂಪತ್ಯದಿಂದ ಯಾವುದೇ ಮಕ್ಕಳು ಜನಿಸಿರುವುದಿಲ್ಲ’ ಎಂದಿತ್ತು.

“ಹೆತ್ತ ಮಗೂನೇ ಇಲ್ಲ ಅಂತಾನಲ್ಲ ಸಾರ್, ಇವನ ಬಾಯಿಗೆ ಮಣ್ಣು ಹಾಕ” ಎಂದೆ.

“ಹಿಂದಿನ ಹಾಳೆ ನೋಡಮ್ಮ” ಎಂದರು.

ಹಿಂದಿನ ಹಾಳೆ ಸಿರೀಷಳ ಜನನ ಪತ್ರ. ತಾಯಿಯ ಹೆಸರು ರಾಧಾಮಣಿ. ತಂದೆಯ ಹೆಸರು ಅಂಜಿನಮೂರ್ತಿ. ಅಂಜಿನಮೂರ್ತಿ ಎಂದರೆ ಸುನಿಲ್‌ಕುಮಾರನ ಅಣ್ಣ, ರಾಧಾಮಣಿ ಅವನ ಹೆಂಡತಿ. ಮೊಹರು, ಸಹಿ ಎಲ್ಲ ಸರಿಯಾಗಿದ್ದವು. ಇನ್ನೊಮ್ಮೆ ಓದಿದೆ.

ಲಾವಣ್ಯ ಎದುರಿನ ಬೆಂಚಿನ ಮೇಲೆ ಅಪ್ಪನ ಜೊತೆ ಕೂತಿದ್ದಳು. ಗಟ್ಟಿಯಾಗಿ ಓದಿ ಹೇಳಿದೆ. ಅವಳೋ ನಮ್ಮ ಗಾಬರಿ ನೋಡಿ ನಕ್ಕಳು.

“ಅದಾ? ಅದು ಬರೀ ಆಸ್ಪತ್ರೆಗೆ ಅಂತ ಬರ್ಸಿದ್ದು ಕಣಕ್ಕ.”

“ಹಂಗಂದ್ರೆ?”

“ನನ್ಗಾಗ ಹದ್ನೇಳು. ಇಷ್ಟ್ ಸಣ್ ವಯಸ್ಸು ಅಂತ ಗೊತ್ತಾದ್ರೆ ಡಾಕ್ಟ್ರು ಪೋಲೀಸ್ರಿಗೆ ಹೇಳ್ತಾರೆ, ಎಲ್ರುನೂ ಒಳಗೆ ಹಾಕ್ತಾರೆ ಅಂದ್ರು ನಮ್ಮತ್ತೆ ಜುಂಜಮ್ಮ. ನಮ್ಮ ವಾರ್ಗಿತ್ತಿ ರಾಧಾಮಣಿಗೆ ಆ ವರ್ಸನೇ ಬಸ್ರು ಐದ್ ತಿಂಗ್ಳಿಗೆ ಹೋಗ್ಬುಟ್ಟಿತ್ತು. ಬಸ್ರಿ ಅಂತ ಆಸ್ಪತ್ರೇಲಿ ಅವ್ರಿಗೆ ಕೊಟ್ಟಿದ್ದ ತಾಯಿ ಕಾರ್ಡು ಮನೇಲೇ ಇತ್ತು. ಅದ್ನೇ ತಗಂಡೋದ್ವಿ.”

“ಆಮೇಲೆ?” ಎಂದೆ.

“ನರ್ಸು ರಾಧಾಮಣಿ ಅಂದಾಗ ನೀನು ಓ ಅನ್ಬೇಕು ಅಂತ ದಾರೀಲೆಲ್ಲ ಕಲ್ಸಿದ್ರು. ನೋವು ತಿಂತಿದ್ರೂ ಮರೀಲಿಲ್ಲ ನೋಡಕ್ಕ. ‘ರಾಧಾಮಣಿ ಮಗು ಯಾರ್ದು’ ಅಂದಾಗ ಕೈ ಎತ್ತಿ ಇಸ್ಕಂಡೆ.” ಪರೀಕ್ಷೆ ಪಾಸಾದವಳಂತೆ ಹೇಳಿದಳು. ನನಗೆ ಎದ್ದು ಹೊರಗೆ ಹೋಗಬೇಕೆನಿಸಿತು.

“ಮಗೂಗೆ ನೀನು ತಾಯಿ ಅಂತ ಗೊತ್ತೇನಮ್ಮ?” ಸಾರ್ ಕೇಳಿದರು.

“ಗೊತ್ತಿಲ್ದೆ ಸಾರ್? ಆದ್ರೆ ಹೋದ ತಿಂಗ್ಳು ಫೋನ್ನಾಗೆ ‘ಚಿಕ್ಕಮ್ಮ’ ಅಂದ್ಲು. ತಮಾಸೆಗೆ ಅಂತವ್ಳೆ ಅಂದ್ಕಂಡೆ.” ಅಷ್ಟು ಹೇಳುವಷ್ಟರಲ್ಲಿ ಅವಳ ಮುಖ ಬದಲಾಯಿತು. ತಮಾಷೆಯಲ್ಲ ಎಂದು ಅವಳಿಗೆ ಹೊಳೆದದ್ದು ಆಗಲೇ. ನಮ್ಮ ಕಣ್ಣೆದುರಿಗೇ ಹೊಳೆಯಿತು.

ಸಾರ್ ಬಿಡಿಸಿ ಹೇಳಿದರು. ಕಾಗದದ ಪ್ರಕಾರ ಮಗು ರಾಧಾಮಣಿಯದು. ಅದನ್ನು ಸುಳ್ಳು ಮಾಡಲು ರಕ್ತ ಪರೀಕ್ಷೆಗೆ ಕೋರ್ಟನ್ನು ಕೇಳಬಹುದು. ಆದರೆ ಹೆಸರು ಏಕೆ ಬದಲಾಯಿಸಿದಿರಿ ಎಂದು ಜಡ್ಜ್ ಕೇಳಿಯೇ ಕೇಳುತ್ತಾರೆ. ಆಗ ವಯಸ್ಸು ಹೇಳಬೇಕು. ವಯಸ್ಸು ಹೇಳಿದರೆ ಗಂಡನ ಮೇಲೆ ದೊಡ್ಡ ಕೇಸು ಆಗುತ್ತದೆ, ಮದುವೆ ಮಾಡಿಕೊಟ್ಟವರ ಮೇಲೂ ಆಗುತ್ತದೆ.

“ಮಾಡ್ಕೊಟ್ಟೋರು ಅಂದ್ರೆ?” ಬೋರಪ್ಪ ಕೇಳಿದ.

ನನಗೆ ತಡೆಯಲಾಗಲಿಲ್ಲ. “ನೀವೇ ಯಜಮಾನ್ರೇ. ಎರಡು ವರ್ಷದವರೆಗೂ ಜೈಲಾಗಬಹುದು. ಹೈಸ್ಕೂಲು ಮುಗಿಸಿದ ಹುಡುಗೀನ ತಾಳಿ ಕಟ್ಟಿಸಿ ಕಳಿಸುವಾಗ ಇದು ಗೊತ್ತಿರಲಿಲ್ಲವಾ?”

ಬೋರಪ್ಪ ನನ್ನ ಮುಖ ನೋಡಿದ. ಮಗಳ ಮುಖ ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದ. ಕಿಟಕಿಯಲ್ಲಿ ಬಗ್ಗಿ ನೋಡಿದೆ, ಬಸ್‌ಸ್ಟ್ಯಾಂಡ್ ಕಡೆ ದಾಪುಗಾಲು ಹಾಕುತ್ತಿದ್ದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡೆ. ಇನ್ನು ಈ ಮನುಷ್ಯ ಇತ್ತ ತಲೆ ಹಾಕುವುದಿಲ್ಲ ಎಂದೂ ಅಂದುಕೊಂಡೆ.

ಲಾವಣ್ಯ ಮಧ್ಯಾಹ್ನ ಕಳೆಯುವತನಕ ಜನನ ಪತ್ರದ ಮೇಲೆ ಬೆರಳಾಡಿಸುತ್ತ ಕೂತಿದ್ದಳು. “ಅಪ್ಪನ್ನ ಜೈಲಿಗೆ ಕಳ್ಸಿ ಮಗೀನ ತರ್ಲಾ ಅಕ್ಕ? ಊರೋರು ಏನಂತಾರೆ? ಅರ್ಜಿ ವಾಪಸ್ ತಗಳಿ” ಎಂದಳು. ಯೋಚನೆ ಮಾಡು ಎಂದರು ಸಾರ್. ಬೇಡ ಎಂದು ತಲೆಯಾಡಿಸಿದಳು. ವಾಪಸಾತಿ ಮೆಮೊ ನಾಲ್ಕೇ ಸಾಲು, ಟೈಪ್ ಮಾಡಿದೆ. ಇಷ್ಟು ಭಾರದ ನಾಲ್ಕು ಸಾಲು ನಾನು ಎಂದೂ ಹೊಡೆದಿರಲಿಲ್ಲ.

ಅವಳು ಪೆನ್ನು ಹಿಡಿದಿದ್ದಾಗಲೇ ಬಾಗಿಲಲ್ಲಿ ಬೋರಪ್ಪ ನಿಂತಿದ್ದ. ಆಗ ನಾಲ್ಕು ಗಂಟೆ. ಹೆಗಲ ಮೇಲೆ ಕಂಬಳಿ, ಕೈಯಲ್ಲೊಂದು ಬಟ್ಟೆಯ ಚೀಲ. ಚೀಲದೊಳಗಿಂದ ಒಂದು ಲಗ್ನಪತ್ರಿಕೆ ತೆಗೆದು ನನ್ನ ಮೇಜಿನ ಮೇಲಿಟ್ಟ. ಅರಿಶಿನ ಹಚ್ಚಿದ ಮೂಲೆ ಇನ್ನೂ ಹಾಗೇ ಇತ್ತು.

“ಇದ್ರಾಗೆ ನನ್ ಹೆಸ್ರೈತೆ, ತೇದಿನೂ ಐತೆ. ನಾನೇ ಮುಂದ್ ನಿಂತು ಮಾಡ್ಕೊಟ್ಟೆ ಅಂತ ಬರ್ಕಳವ್ವ.”

“ಅಪ್ಪಾ, ಬ್ಯಾಡ ಬುಡು” ಎಂದಳು ಲಾವಣ್ಯ.

“ನೀನ್ ಸುಮ್ಕಿರು ಮಗ.”

ನಾನು ಮೆಮೊ ಹರಿದೆ. ಬೋರಪ್ಪನ ಹೆಸರಿಗೆ ಪ್ರಮಾಣಪತ್ರ ಟೈಪ್ ಮಾಡತೊಡಗಿದೆ. ಮಗಳಿಗೆ ಆಗ ಹದಿನಾರು ವರ್ಷ ಎಂಬಲ್ಲಿಗೆ ಬಂದಾಗ ಅವನು ಕೈಯೆತ್ತಿ ತಡೆದ.

“ತಪ್ಪು ಅಂತ ಗೊತ್ತಿತ್ತು. ಅದ್ನೂ ಬರೀರಿ.”

“ಅದು ಬೇಕಾಗಿಲ್ಲ ಬೋರಪ್ಪನವರೇ, ನಿಮಗೇ ತೊಂದರೆ” ಎಂದರು ಸಾರ್.

“ಗೊತ್ತಿತ್ತಲ್ಲ ಸಾಮಿ. ಅದ್ಕೇ ತಾನೆ ಕದ್ದುಮುಚ್ಚಿ ಐವತ್ತೇ ಕಾರ್ಡು ಮಾಡ್ಸಿದ್ದು.”

ನಾನು ಬರೆದೆ. ಹನ್ನೊಂದು ವರ್ಷದಲ್ಲಿ ತನ್ನ ಮೇಲೆ ತಾನೇ ಇಂಥ ಮಾತು ಬರೆಸಿದವರನ್ನು ನಾನು ಕಂಡಿರಲಿಲ್ಲ. ಬೆಳಿಗ್ಗೆ ಅವನಿಗೆ ಆಡಿದ ಮಾತು ನೆನೆದು ನಾಚಿಕೆಯಾಯಿತು. ಪ್ರಿಂಟ್ ತೆಗೆದು ಓದಿ ಹೇಳಿದೆ. ಬೋರಪ್ಪ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದ, ಲಾವಣ್ಯ ಮೇಜಿಗೆ ತಲೆಯಿಟ್ಟು ಅಳುತ್ತಿದ್ದಳು.

ಸಹಿಯಾದ ಮೇಲೆ ಅವನು ಎದ್ದು ನಿಂತು ಕಂಬಳಿ ಹೆಗಲಿಗೇರಿಸಿದ. ಚೀಲ ಎತ್ತಿಕೊಂಡ. ಅದರೊಳಗೆ ಒಂದು ಪಂಚೆ, ಒಂದು ಅಂಗಿ, ತಟ್ಟೆ, ಲೋಟ ಇದ್ದವು.

“ಕುರೀನ ನಮ್ಮೂರ ಓಬಳಯ್ಯನ ಮಂದೆಗೆ ಕೂಡ್ಸಿ ಬಂದ್ಬುಟ್ಟೆ, ಅದ್ರ ಯೋಚ್ನೆ ಇಲ್ಲ” ಎಂದ. ಆಮೇಲೆ ನನ್ನನ್ನೇ ಕೇಳಿದ. “ಇವತ್ತೇ ಜೈಲಿಗೆ ಕರ್ಕಂಡೋಯ್ತಾರೇನವ್ವ? ಇಲ್ಲ, ಮಗೀನ ಒಂದ್ಕಿತ ನೋಡ್ಕಂಡು ಹೋಗ್ಬೌದಾ?”