ಕಿವಿಗೆ ಬಿದ್ದ ಗಳಿಗೆ

ದಿಂಬಂ ಘಾಟಿಯ ತಿರುವುಗಳಲ್ಲಿ ಚೆಲುವಯ್ಯನ ಬಲಗಾಲು, ಅಲ್ಲಿ ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇತ್ತು. ನಂಜನಗೂಡು ಡಿಪೋದಲ್ಲಿ ಇಡೀ ಆಯುಷ್ಯ ಬಸ್ಸು ಓಡಿಸಿದ ಕಾಲು ಅದು. ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂರುವುದು ಅದಕ್ಕೆ ಬರುತ್ತಿರಲಿಲ್ಲ. ಕಾರು ಓಡಿಸುತ್ತಿದ್ದವಳು ಮಗಳು ರಾಣಿ.

"ಗೇರ್ ಇಳ್ಸವ್ವ. ಇಂದ್ಗಡೆ ಐವತ್ತು ಜನ ಕೂತವ್ರೆ ಅಂದ್ಕೊ."

"ಹಿಂದ್ಗಡೆ ಅವ್ವ ಒಬ್ಳೇ ಇರೋದು ಅಪ್ಪ."

"ನಾನೇ ಐವತ್ತು ಜನದಷ್ಟಿವ್ನಿ ಬುಡು," ಅಂದಳು ಹಿಂದಿನಿಂದ ಕೆಂಪಾಜಮ್ಮ. "ನಿಮ್ಮಪ್ಪನ ಬಸ್ಸಲ್ಲಿ ನರಸೀಪುರಕ್ಕೆ ಓಗೋವಷ್ಟ್ರಲ್ಲಿ ಎಲ್ಡು ಕಿತ ವಾಂತಿ ಮಾಡ್ಕತಿದ್ದೆ. ನೀನೇ ವಾಸಿ."

ಹೊರಟದ್ದು ತಂಜಾವೂರಿಗೆ. ಡಿಪೋದಲ್ಲಿ ಡ್ರೈವರುಗಳು ಮಲಗುವ ಕೋಣೆಯ ಗೋಡೆಗೆ ಯಾವುದೋ ಕಾಲದ ಒಂದು ಕ್ಯಾಲೆಂಡರ್ ನೇತಾಡುತ್ತಿತ್ತು. ತಾರೀಖಿನ ಹಾಳೆಗಳೆಲ್ಲ ಹರಿದುಹೋಗಿ ಚಿತ್ರ ಮಾತ್ರ ಉಳಿದಿತ್ತು: ತಂಜಾವೂರಿನ ದೊಡ್ಡ ದೇವಸ್ಥಾನ. ಎರಡು ಟ್ರಿಪ್ಪಿನ ನಡುವೆ ಕಣ್ಣು ಮುಚ್ಚುವ ಮುಂಚೆ ಚೆಲುವಯ್ಯ ದಿನಾ ನೋಡಿದ್ದು ಅದನ್ನೇ. ಜನರನ್ನು ನಂಜುಂಡೇಶ್ವರನ ಬಾಗಿಲಿಗೆ, ಮುಡುಕುತೊರೆಗೆ, ತಲಕಾಡಿಗೆ ಇಳಿಸಿ ಬಂದವನು ತಾನು ಎಲ್ಲೂ ಇಳಿದು ನೋಡಿದವನಲ್ಲ. ನಿವೃತ್ತಿಯಾಗಲಿ, ತಂಜಾವೂರಿಗೆ ಹೋಗೋಣ ಅನ್ನುತ್ತಿದ್ದ. ನಿವೃತ್ತಿಗೆ ಮುಂಚೆಯೇ ಸಕ್ಕರೆ ಕಾಯಿಲೆ ಎಡಗಣ್ಣನ್ನು ತಿಂದುಹಾಕಿತು. ಈಗ ಬಲಗಣ್ಣಿನ ಸರದಿ. ಮೈಸೂರಿನ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. "ಏನಾದ್ರೂ ತೋರಿಸೋದಿದ್ರೆ ಈಗ್ಲೇ ತೋರಿಸ್ಬಿಡಮ್ಮ. ದೀಪಾವಳಿ ಅಂತ ಕಾಯ್ಬೇಡ," ಅಂದರು. ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ ರಾಣಿ ಆ ವಾರವೇ ರಜೆ ಹಾಕಿದಳು.

ಕರೂರು ದಾಟುವ ಮುಂಚೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ಅಪ್ಪ ಅವ್ವ ಇಬ್ಬರೂ ಮುಖ ತೊಳೆಯಲು ನಲ್ಲಿಯ ಕಡೆ ಹೋದರು. ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟುಹೋಗಿದ್ದ ಅಪ್ಪನ ಫೋನು ಹೊಡೆದುಕೊಂಡಿತು. ಚಿಕ್ಕಪ್ಪನ ಮಗ ಸಿದ್ದರಾಜು.

"ದೊಡ್ಡಪ್ಪಾ..."

"ನಾನು ರಾಣಿ ಕಣೋ."

ಆ ಕಡೆ ಯಾರೋ ಹೆಂಗಸರು ಅಳುವುದು ಕೇಳಿಸಿತು. "ಅಪ್ಪ ಓಗ್ಬುಡ್ತು ಕಣಕ್ಕ. ಗದ್ದೆತಾವಿಂದ ಬಂದು ಜಗಲಿ ಮೇಲೆ ಕೂತ್ಕತು. ಅಷ್ಟೆಯ."

ನಿಂಗರಾಜು ಚೆಲುವಯ್ಯನಿಗೆ ಒಬ್ಬನೇ ತಮ್ಮ. ನರಸೀಪುರದ ಹತ್ತಿರದ ಊರಲ್ಲಿ ಹೊಲಗದ್ದೆ ನೋಡಿಕೊಂಡಿದ್ದವನು. ಅಣ್ಣತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು. ತಾಯಿ ತೀರಿಕೊಂಡ ದಿನ ಚೆಲುವಯ್ಯ ಡ್ಯೂಟಿಯಲ್ಲಿದ್ದ. ಬದಲಿ ಡ್ರೈವರ್ ಸಿಕ್ಕಿ ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ಹೊತ್ತು ಮುಳುಗುತ್ತದೆಂದು ನಿಂಗರಾಜು ಕಾಯಲಿಲ್ಲ. ಹಿರಿಮಗನ ಕೈಯಿಂದ ಒಂದು ಹಿಡಿ ಮಣ್ಣೂ ಬೀಳದೆ ಮುಚ್ಚಿದ ಗುಂಡಿಯ ಪಕ್ಕ ನಿಂತು, ಊರೆಲ್ಲ ಕೇಳುವ ಹಾಗೆ ಚೆಲುವಯ್ಯ ಅಂದಿದ್ದ: "ನಿನ್ನ ಮಣ್ಗೂ ನಾ ಬರಾಕಿಲ್ಲ ಕಣ್ಲಾ."

"ಓದ್ ತಿಂಗ್ಳು ಎದೆ ನೋವು ಅಂದಾಗ್ಲೇ ಅಪ್ಪ ನಂಗೆ ಏಳಿತ್ತು ಕಣಕ್ಕ," ಅಂದ ಸಿದ್ದರಾಜು. "ನಂಗೇನಾರ ಆದ್ರೆ ಅಣ್ಣ ಬರೋಗಂಟ ಎತ್ಬ್ಯಾಡಿ ಅಂತವ. ಒತ್ತು ಮುಳುಗೋಗಂಟ ಕಾಯ್ತೀವಿ. ಎಲ್ಲಿದ್ದೀರಿ?"

ರಾಣಿ ನಲ್ಲಿಯ ಕಡೆ ನೋಡಿದಳು. ಅಪ್ಪ ಒದ್ದೆ ಮುಖದಲ್ಲಿ ನಿಂತು ಕಂಬಿಯ ಮೇಲಿದ್ದ ಟವೆಲಿಗಾಗಿ ಗಾಳಿಯಲ್ಲಿ ಕೈಯಾಡಿಸುತ್ತಿದ್ದ. ಟವೆಲು ಅಲ್ಲೇ, ಒಂದು ಗೇಣು ಆಚೆ ಇತ್ತು. ಈಗಲೇ ಕಾರು ತಿರುಗಿಸಿದರೆ ಹೊತ್ತು ಮುಳುಗುವಷ್ಟರಲ್ಲಿ ಊರು ಸಿಗುತ್ತದೆ. ಆಮೇಲೆ ಸೂತಕ, ತಿಥಿ, ಮತ್ತೆ ರಜೆ ಸಿಗಬೇಕು. ಅಲ್ಲಿಯವರೆಗೆ ಅಪ್ಪನಿಗೆ ಕಣ್ಣಿರುತ್ತದೆಂದು ಯಾವ ಡಾಕ್ಟರೂ ಹೇಳಿರಲಿಲ್ಲ.

"ನಾವು ಬಾಳ ದೂರ ಇದ್ದೀವಿ ಕಣೋ. ಕಾಯ್ಬೇಡಿ. ಮುಗಿಸ್ಬಿಡಿ."

"ದೊಡ್ಡಪ್ಪನ್ನ ಒಂದ್ಮಾತು ಕೇಳಕ್ಕ."

"ಅಪ್ಪನೇ ಹೇಳ್ತಿರೋದು. ಬರಲ್ವಂತೆ."

"ಆಯ್ತು ಬುಡಕ್ಕ," ಅಂದ ಸಿದ್ದರಾಜು.

ರಾಣಿ ಫೋನನ್ನು ಆಫ್ ಮಾಡಿ ತನ್ನ ಚೀಲದೊಳಗೆ ತುರುಕಿದಳು.

ಅವರ ಕಡೆ ಸೂತಕ ಸಾವಿನಿಂದ ಶುರುವಾಗುವುದಿಲ್ಲ. ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಶುರುವಾಗುತ್ತದೆ. ಕೇಳದವನು ಗುಡಿಯ ಒಳಗೆ ಹೋಗಬಹುದು, ಕೇಳಿದವನು ಹೋಗುವಂತಿಲ್ಲ. ಅಪ್ಪನ ಕಿವಿಗೆ ಬೀಳಿಸದಿದ್ದರೆ ಸಾಕು ಎಂದು ರಾಣಿ ಲೆಕ್ಕ ಹಾಕಿದಳು. ತನ್ನ ಕಿವಿಯನ್ನು ಆ ಲೆಕ್ಕದಲ್ಲಿ ಸೇರಿಸಲಿಲ್ಲ.

ತಿರುಚ್ಚಿಯ ದಾರಿಯಲ್ಲಿ ರಸ್ತೆಯ ಪಕ್ಕಕ್ಕೇ ಹೊಳೆ ಬಂತು. ಚೆಲುವಯ್ಯ ಕಿಟಕಿಗೆ ಮುಖವಿಟ್ಟು, "ಕಾವೇರಿಯೇನವ್ವ?" ಅಂದ.

"ಹೂಂ."

"ಅಂಗಾರೆ ನಮ್ಮ ಕಪಿನಿ ನೀರೂ ಇದ್ರಲ್ಲೈತೆ. ನರಸೀಪುರದಲ್ಲಿ ಸೇರ್ಕಂಡಿದ್ದು." ಕಿಟಕಿಯ ಗಾಜು ಇಳಿಸಿದ. "ಸಂಗಮದಲ್ಲಿ ನಿಂಗರಾಜಂಗೆ ಈಜು ಕಲ್ಸಿದ್ದು ನಾನೇಯ. ಮುಳುಗ್ಸಿ ಮುಳುಗ್ಸಿ ಕಲ್ಸಿದ್ದೆ."

"ಅದ್ಕೇ ನಿಮ್ಮೇಲೆ ಅಷ್ಟು ಪಿರೂತಿ ಅವನ್ಗೆ," ಅಂದಳು ಕೆಂಪಾಜಮ್ಮ.

ಚೆಲುವಯ್ಯ ನಕ್ಕ. "ಊರ್ಗೋದ್ಮೇಲೆ ಒಂದ್ಸಲ ಕರ್ಕ ಓಗವ್ವ ಅವನತ್ರ. ಮಾತಾಡ್ದಿದ್ರೂ ಚಿಂತಿಲ್ಲ, ಮಕ ನೋಡ್ಕ ಬತ್ತೀನಿ. ಕಣ್ಣಿರೋವಾಗ್ಲೇ."

ರಾಣಿ ಎಡಗಡೆ ಹೋಗುತ್ತಿದ್ದ ಲಾರಿಗೆ ಸುಮ್ಮಸುಮ್ಮನೆ ಹಾರನ್ ಹೊಡೆದಳು.

ತಂಜಾವೂರು ಮುಟ್ಟಿದಾಗ ಬಿಸಿಲು ಇಳಿದಿತ್ತು. ಕಾರು ನಿಲ್ಲಿಸಿ, ಅಪ್ಪನ ಕೈ ಹಿಡಿದು ರಸ್ತೆ ದಾಟಿಸಿ, ಕಂದಕದ ಮೇಲಿನ ದಾರಿಯಲ್ಲಿ ಮೊದಲ ಬಾಗಿಲವರೆಗೆ ಬಂದಳು. ಅಲ್ಲಿ ಅವಳ ಕಾಲು ನಿಂತಿತು. ಲ್ಯಾಬಿನಲ್ಲಿ ಕೆಲಸ ಮಾಡುವವಳು, ಸೂತಕ ಗೀತಕ ಎಲ್ಲ ಹಳಬರ ಕಟ್ಟು ಎಂದು ಅವ್ವನೊಡನೆ ಜಗಳವಾಡಿದವಳು. ಆದರೂ ಕಾಲು ಮುಂದಕ್ಕೆ ಬರಲಿಲ್ಲ.

"ಅವ್ವ, ನೀವಿಬ್ರು ಹೋಗ್ಬನ್ನಿ. ನಾನು ಒಳಗೆ ಬರೋಹಂಗಿಲ್ಲ. ಹೊರಗಾಗಿದ್ದೀನಿ."

ಕೆಂಪಾಜಮ್ಮ ಮಗಳನ್ನು ದಿಟ್ಟಿಸಿದಳು. "ನೀನು ಮುಟ್ಟಾಗಿ ತಲೆಗೆ ನೀರಾಕ್ಕಂಡು ಇನ್ನೂ ವಾರ ಆಗಿಲ್ಲ." ಒಂದೇ ಮನೆಯಲ್ಲಿ, ಒಂದೇ ಬಚ್ಚಲಿನಲ್ಲಿ ಇರುವ ತಾಯಿಗೆ ಹೇಳುವ ಸುಳ್ಳಲ್ಲ ಅದು. ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. "ಯಾರೇ ತೀರ್ಕಂಡಿದ್ದು?"

"ಚಿಕ್ಕಪ್ಪ."

ಕೆಂಪಾಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಾಗೆ ಅವಳೂ ಕೇಳಿದಂತಾಯಿತು.

ನಾಲ್ಕು ಹೆಜ್ಜೆ ಮುಂದೆ ನಿಂತಿದ್ದ ಚೆಲುವಯ್ಯ ತಿರುಗಿದ. "ಬರ್ರೇ. ಅಣ್ಕಾಯಿ ಚೀಲ ಎಲ್ಲಿ? ಇತ್ಲಾಗ್ ಕೊಡು."

ಹಣ್ಣುಕಾಯಿ ಚೀಲ ಕೆಂಪಾಜಮ್ಮನ ಕೈಯಲ್ಲೇ ಇತ್ತು. ಮಡಿಲಲ್ಲಿಟ್ಟುಕೊಂಡು, ಕಾಲಿಗೂ ತಾಕಿಸದೆ ನಂಜನಗೂಡಿನಿಂದ ತಂದ ಕಾಯಿ. ಅವಳು ಕೊಡಲಿಲ್ಲ.

"ಇದು ಬ್ಯಾಡ. ಒಳಗಡೆ ಬ್ಯಾರೆ ಯಾವ್ದಾರ ತಕ್ಕಳಿ. ನಂಗೆ ಮಂಡಿ ನೋವು, ಇಲ್ಲೇ ಕೂತಿರ್ತೀನಿ."

ಚೆಲುವಯ್ಯನ ಚಾಚಿದ ಕೈ ಹಾಗೇ ನಿಂತಿತು. ಕಣ್ಣು ಮಬ್ಬಾಗಿತ್ತು, ತಲೆ ಆಗಿರಲಿಲ್ಲ. ದೇವರ ಬಾಗಿಲಿಗೆ ಬಂದ ಇಬ್ಬರು ಹೆಂಗಸರು ಹೊರಗೆ ನಿಂತಿದ್ದಾರೆ, ಮನೆಯಿಂದ ತಂದ ಕಾಯಿ ಮುಟ್ಟಬೇಡ ಅನ್ನುತ್ತಿದ್ದಾರೆ. ಇದಕ್ಕೆ ಅವರ ಕಡೆ ಒಂದೇ ಅರ್ಥ.

ರಾಣಿ ಬಾಯಿ ತೆರೆದಳು. ಅವನು ಕೈಯೆತ್ತಿದ, ಬಸ್ಸಿಗೆ ಅಡ್ಡ ಬಂದವರನ್ನು ತಡೆಯುವ ಹಾಗೆ.

"ನಾ ಬರೋಗಂಟ ಇಬ್ರೂ ಬಾಯ್ ಬುಡ್ಬ್ಯಾಡಿ."

ಬಾಗಿಲ ಕಲ್ಲಿಗೆ ಅಂಗೈ ಆನಿಸಿಕೊಂಡು ಒಬ್ಬನೇ ಒಳಗೆ ಹೋದ.

ಅವ್ವ ಮಗಳು ಹುಲ್ಲಿನ ಮೇಲೆ ಕೂತರು. ಕೆಂಪಾಜಮ್ಮ ಮುಡಿಯ ಹೂ ಕಿತ್ತು ಪಕ್ಕಕ್ಕಿಟ್ಟಳು. ಅವನು ಬರುವಷ್ಟರಲ್ಲಿ ದೀಪ ಹತ್ತಿದ್ದವು.

"ಕಂಡ್ತಾ ಅಪ್ಪ?"

"ಕಂಡ್ತು. ದೊಡ್ಡದು. ಕ್ಯಾಲೆಂಡರಲ್ಲಿ ಇಷ್ಟು ದೊಡ್ದಿರ್ಲಿಲ್ಲ." ಅವರ ಎದುರು ನಿಂತ. "ಈಗ ಬಾಯ್ ಬುಡು. ಯಾರು?"

"ಚಿಕ್ಕಪ್ಪ. ಕರೂರಲ್ಲಿದ್ದಾಗ ಸಿದ್ದರಾಜು ಫೋನ್ ಮಾಡಿದ್ದ."

"ಮಣ್ಣು?"

"ಇಷ್ಟೊತ್ಗೆ ಆಗಿರುತ್ತೆ."

"ಈ ಸಲವೂ ಕಾಯ್ನಿಲ್ಲ ಅನ್ನು."

ಹೂಂ ಅಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ರಾಣಿಗೆ ನಾಲಿಗೆಯ ತುದಿಗೆ ಅದೇ ಬಂದಿತ್ತು.

"ಕಾಯ್ತೀವಿ ಅಂದ್ರು ಅಪ್ಪ. ನೀನು ಬರೋವರ್ಗೂ ಎತ್ಬೇಡಿ ಅಂತ ಚಿಕ್ಕಪ್ಪನೇ ಹೇಳಿತ್ತಂತೆ. ನಾನೇ ಬೇಡ ಅಂದೆ. ನೀನು ಬರಲ್ಲ ಅಂದೆ ಅಂತ ಹೇಳ್ದೆ."

"ಅಯ್ಯೋ ನಿನ್ ಬಾಯ್ಗೆ ಮಣ್ಣಾಕ!" ಕೆಂಪಾಜಮ್ಮ ಎದ್ದೇ ಬಿಟ್ಟಳು. "ಆ ವಯ್ಯನ ಎಣದ ಮುಂದೆ ಇಂಥಾ ಮಾತ..."

"ಅವಳ್ನ ಬಯ್ಬ್ಯಾಡ." ಚೆಲುವಯ್ಯನ ದನಿ ಒಣಗಿತ್ತು. "ಚೆಲುವಯ್ಯ ಆಡ್ದಂಗೆ ನಡ್ಕಂಡ ಅಂತಾರೆ ಊರಲ್ಲಿ. ಅಷ್ಟೆಯ. ಬಾಗ್ಲಲ್ಲೇ ಕೇಳ್ಬೋದಾಗಿತ್ತು ನಾನು. ಕೇಳ್ದೆ ಒಳೀಕೆ ಓದ್ನಲ್ಲ."

ರಸ್ತೆಯಾಚೆ ಕಾರು ನಿಲ್ಲಿಸಿದ್ದ ಕಡೆ ಒಂದು ನಲ್ಲಿ ಇತ್ತು. ಅವನು ಅದರ ಕೆಳಗೆ, ಉಟ್ಟ ಬಟ್ಟೆಯಲ್ಲೇ, ಕುಕ್ಕರಗಾಲಲ್ಲಿ ಕೂತು ತಲೆ ಕೊಟ್ಟ. ಟೀ ಅಂಗಡಿಯವರು ನೋಡುತ್ತಿದ್ದರು. ನೀರು ಹಣೆಯಿಂದ ಇಳಿದು ಬಿಳಿ ಅಂಗಿಯೆಲ್ಲ ಮೈಗಂಟಿತು. ರಾಣಿ ಟವೆಲು ಚಾಚಿದಳು, ತೆಗೆದುಕೊಳ್ಳಲಿಲ್ಲ. ಒದ್ದೆಯಾಗಿಯೇ ಬಂದು ಮುಂದಿನ ಸೀಟಿನಲ್ಲಿ ಕೂತ.

"ರಾತ್ರಿ ಆನೆ ಕಾಟ ಅಂತ ದಿಂಬಂ ಘಾಟಿ ಮುಚ್ಚಿರ್ತಾರೆ ಅಪ್ಪ. ಕೆಳಗಡೆ ಬನ್ನಾರಿ ಗೇಟಲ್ಲಿ ಬೆಳಗಾಗೋವರ್ಗೂ ಕಾಯ್ಬೇಕು."

"ಕಾಯೋನ."

ರಾಣಿ ಕಾರು ಚಾಲೂ ಮಾಡಿ ಹೆಡ್‌ಲೈಟು ಹಾಕಿದಳು. ಎದುರಿನ ಕಾಂಪೌಂಡ್ ಗೋಡೆ ಹಗಲಿನ ಹಾಗೆ ಬೆಳಗಿತು. ಗೋಡೆಯ ಮೇಲಿನ ಸಿನಿಮಾ ಪೋಸ್ಟರು, ಅದರ ಕೆಳಗೆ ಮಲಗಿದ್ದ ನಾಯಿ, ಎಲ್ಲ ಕಂಡವು. ಚೆಲುವಯ್ಯ ನೇರ ಅದನ್ನೇ ನೋಡುತ್ತ ಕೂತಿದ್ದ.

"ಲೈಟ್ ಹಾಕವ್ವ," ಅಂದ. "ಕತ್ಲಾಗೈತೆ."

ಹಿಂದಿನ ಸೀಟಿನಿಂದ ಕೆಂಪಾಜಮ್ಮ ಮುಂದಕ್ಕೆ ಬಗ್ಗಿ ಗಂಡನ ಮುಖ ನೋಡಿದಳು. ರಾಣಿ ಲೈಟು ಒಮ್ಮೆ ಆರಿಸಿದಳು. ಆಮೇಲೆ, ಸ್ವಿಚ್ಚಿನ ಸದ್ದು ಅವನಿಗೆ ಕೇಳಿಸುವ ಹಾಗೆ, ಮತ್ತೆ ಹಾಕಿದಳು.