ಮಾವಿನ ತೋಪಿಗೆ ಉಬ್ಬರ ಬಂದ ದಿನ

ನಾನು ಕಳೆದುಹೋಗಿ ಎರಡು ಗಂಟೆಯಾಗಿತ್ತು. ಬೇತಮಂಗಲದ ಕೆರೆಯಲ್ಲಿ ತೆಪ್ಪದೊಳಗೆ ಕೂತಿದ್ದೆ. ಕಟ್ಟೆಯ ಮೇಲೆ ನಿಂತ ಹೆಂಡತಿ ಶ್ಯಾಮಲಾ ಬೈಯುವುದು ಸ್ಪಷ್ಟವಾಗಿ ಕೇಳುವಷ್ಟು ಹತ್ತಿರದಲ್ಲೇ ಇದ್ದೆ.

ಕಳೆದುಹೋಗುವುದು ಅವತ್ತಿನ ನನ್ನ ಕೂಲಿ ಕೆಲಸ. ಸಮುದ್ರದಲ್ಲಿ ತಪ್ಪಿಸಿಕೊಂಡವರು ಗಾಳಿಗೆ, ಅಲೆಗೆ ಸಿಕ್ಕಿ ಎಲ್ಲಿಗೆ ತೇಲಿಹೋಗಿರುತ್ತಾರೆ, ದೋಣಿಯನ್ನು ಯಾವ ಕಡೆ ಕಳಿಸಬೇಕು ಎಂದು ಹೇಳುವ ಸಾಫ್ಟ್‌ವೇರನ್ನು ಬೆಂಗಳೂರಿನ ಒಂದು ಕಂಪನಿ ಮಾಡಿತ್ತು. ಕರಾವಳಿಗೆ ಕಳಿಸುವ ಮೊದಲು ಹತ್ತಿರದ ನೀರಿನಲ್ಲಿ ಪರೀಕ್ಷೆ ಆಗಬೇಕಿತ್ತು. ಅದಕ್ಕೆ ಇಂಜಿನಿಯರ್ ಸುಧಾಕರ್ ಒಂದು ರಬ್ಬರ್ ದೋಣಿ, ಇಬ್ಬರು ಆಳುಗಳೊಂದಿಗೆ ಬಂದಿದ್ದರು. ನನಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿ, ಹುಟ್ಟು ಕಿತ್ತುಕೊಂಡು ಕೆರೆಗೆ ಬಿಟ್ಟರು. ಗಾಳಿ ಇರಲಿಲ್ಲ. ತೆಪ್ಪ ಬಿಟ್ಟ ಜಾಗದಲ್ಲೇ ನಿಂತಿತ್ತು.

ನನಗಿದ್ದ ಚಿಂತೆ ನಮ್ಮ ಹಸು ಕೆಂಪಿಯದು. ಹೋದ ವಾರ ಕರು ಸತ್ತ ಮೇಲೆ ಅದು ನನಗಲ್ಲದೆ ಯಾರಿಗೂ ಹಾಲು ಬಿಡುತ್ತಿರಲಿಲ್ಲ. ಶ್ಯಾಮಲಾ ಕೈ ಹಾಕಲು ಹೋಗಿ ಒದೆಸಿಕೊಂಡಿದ್ದಳು. ಸಂಜೆ ನಾಲ್ಕೂವರೆಗೆ ಕರೆಯದಿದ್ದರೆ ಕೆಚ್ಚಲು ಕಲ್ಲಾಗಿ ಬಾವು ಬರುತ್ತದೆ. ಮಧ್ಯಾಹ್ನ ಮೂರು ಗಂಟೆಯೊಳಗೆ ನಿಮ್ಮನ್ನು ಹುಡುಕಿಬಿಡುತ್ತೇವೆ ಎಂದು ಸುಧಾಕರ್ ಮಾತು ಕೊಟ್ಟಿದ್ದರು.

“ಅಗೋ ಸಾರ್, ಅಲ್ಲೇ ಕುಂತವ್ರೆ! ಓಗಿ ಕರ್ಕೊಂಬನ್ನಿ,” ಎಂದು ಶ್ಯಾಮಲಾ ಬೆರಳು ತೋರಿಸಿದಳು.

“ನೀವು ನೋಡಿದ್ದು ಲೆಕ್ಕಕ್ಕಿಲ್ಲ ಅಮ್ಮ. ಸಾಫ್ಟ್‌ವೇರ್ ಹೇಳ್ಬೇಕು, ಆಮೇಲೆ ದೋಣಿ ಹೊರಡ್ಬೇಕು.”

“ಅದ್ಕೆ ಕಣ್ಣಿಲ್ವಾ?”

“ಕಣ್ಣಿಲ್ಲ. ಲೆಕ್ಕ ಇದೆ,” ಎಂದರು ಸುಧಾಕರ್.

ಆ ಲೆಕ್ಕಕ್ಕೆ ಸಮುದ್ರದ ಉಬ್ಬರ ಎಷ್ಟು ಎಂದು ತಿಳಿಸಲೇಬೇಕಿತ್ತು. ಸೊನ್ನೆ ಎಂದು ಹಾಕಿದರೆ ಒಪ್ಪಲಿಲ್ಲ. ಸುಧಾಕರ್ ನಾಲ್ಕು ಸಲ ಹಾಕಿ ನೋಡಿ, ಬೇಸತ್ತು, ಅವತ್ತಿನ ಮಂಗಳೂರಿನ ಉಬ್ಬರವನ್ನೇ ಹಾಕಿದರು. ಸಾಫ್ಟ್‌ವೇರಿನ ಲೆಕ್ಕದಲ್ಲಿ ಆ ಉಬ್ಬರ ನನ್ನನ್ನು ಎತ್ತಿಕೊಂಡು, ಕಟ್ಟೆ ದಾಟಿಸಿ, ಕೋದಂಡಪ್ಪಣ್ಣನ ಮಾವಿನ ತೋಪಿನಲ್ಲಿ ಇಳಿಸಿತು. ನೂರಕ್ಕೆ ತೊಂಬತ್ತೆರಡು ಪಾಲು ನಾನು ಅಲ್ಲೇ ಇದ್ದೆ.

ಯಾರೂ ನಗಲಿಲ್ಲ. ದೋಣಿಯನ್ನು ಕೋದಂಡಪ್ಪಣ್ಣನ ಟ್ರಾಕ್ಟರಿಗೇ ಹೇರಿದರು. ಆಳುಗಳಿಬ್ಬರೂ ಜಾಕೆಟ್ ತೊಟ್ಟು ದೋಣಿಯಲ್ಲಿ ಕೂತರು. ಸುಧಾಕರ್ ಲ್ಯಾಪ್‌ಟಾಪ್ ಹಿಡಿದು ಹಿಂದೆ ನಡೆದರು. ಟ್ರಾಕ್ಟರ್ ಒಂದು ಸಾಲೂ ಬಿಡದೆ ಮಾವಿನ ಮರಗಳ ನಡುವೆ ಓಡಾಡಿತು. ದೋಣಿಯಲ್ಲಿ ಒಬ್ಬ ಸೀಟಿ ಊದುತ್ತಿದ್ದ, ಇನ್ನೊಬ್ಬ ದುರ್ಬೀನು ಹಿಡಿದಿದ್ದ.

“ಬಗ್ರಲಾ, ಕೊಂಬೆ ತಲೆಗೆ ಒಡಿತದೆ!” ಎಂದು ಕೋದಂಡಪ್ಪಣ್ಣ ಕೂಗುವುದು ಕೆರೆಯವರೆಗೂ ಕೇಳಿಸಿತು.

ನಾನು ಸಿಗದಿದ್ದಾಗ ಸಾಫ್ಟ್‌ವೇರ್ ಹುಡುಕುವ ಜಾಗವನ್ನು ಹಿಗ್ಗಿಸಿತು. ಬೋರ್‌ವೆಲ್ ಶೆಡ್ಡು ಸೇರಿತು. ಆಮೇಲೆ ಕೋದಂಡಪ್ಪಣ್ಣನ ಅಡುಗೆಮನೆಯೂ ಸೇರಿತು.

“ನೋಡ್ಕೊಳ್ಳಿ, ಬ್ಯಾಡ ಅನ್ನಲ್ಲ,” ಎಂದನಂತೆ ಕೋದಂಡಪ್ಪಣ್ಣ. “ಒಳಿಕ್ಕೆ ಓಗೋರು ಚಪ್ಪಲಿ ಬಿಟ್ಟು ಓಗ್ರಪ್ಪ.”

ನಾಲ್ಕಾಯಿತು. ಊರ ಕಡೆಯಿಂದ ಕೆಂಪಿಯ ಕೂಗು ಕೇಳಿಸಿತು. ಶ್ಯಾಮಲಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಏನ್ರೀ! ಆ ಲೆಕ್ಕ ನಿಮ್ಮತ್ರಕ್ಕೆ ಬರಾ ಅಂಗಿಲ್ಲ. ನೀವೇ ಅದು ಏಳಿದ ತಾವ್ಕೆ ಓಗ್ಬಿಡಿ! ನಾನು ಅಸೂನ ಇಡ್ಕೊಂಬತ್ತೀನಿ,” ಎಂದು ಕೂಗಿ ಊರ ಕಡೆ ಓಡಿದಳು.

ನೀರಿಗಿಳಿದೆ. ಸೊಂಟದವರೆಗಿತ್ತು. ತೆಪ್ಪವನ್ನು ತಲೆಯ ಮೇಲೆ ಬೋರಲು ಹೊತ್ತು, ಕಟ್ಟೆ ಹತ್ತಿ ಇಳಿದು, ತೋಪಿನ ಮೂರನೇ ಸಾಲಿನಲ್ಲಿ ಅದನ್ನಿಟ್ಟು ಒಳಗೆ ಕೂತೆ. ಸ್ವಲ್ಪ ಹೊತ್ತಿಗೆ ಟ್ರಾಕ್ಟರ್ ತಿರುಗಿ ಬಂತು. ಸೀಟಿ ಊದಿದವನು ನನ್ನನ್ನು ಕಂಡು ಇನ್ನೂ ಜೋರಾಗಿ ಊದಿದ. ಇಬ್ಬರೂ ಸೇರಿ ನನ್ನನ್ನು ತೆಪ್ಪದಿಂದ ದೋಣಿಗೆ ಎತ್ತಿಕೊಂಡರು, ನಡುವೆ ನೀರಿಗೆ ಬೀಳದಂತೆ ಬಹಳ ಹುಷಾರಾಗಿ. ಸುಧಾಕರ್ ಕಣ್ಣಲ್ಲಿ ನೀರು ಬಂದಿತ್ತು. ಒಂದು ಫಾರಂ ಚಾಚಿದರು.

“ಸಹಿ ಮಾಡಿ ಮುನೀಂದ್ರ. ಸಾಫ್ಟ್‌ವೇರ್ ಹೇಳಿದ ಜಾಗದಲ್ಲೇ ನಾನು ಸಿಕ್ಕಿದೆ ಅಂತ. ನಿಮ್ಮ ಕೆಲಸ ಮುಗೀತು.”

ಪೆನ್ನು ತಗೊಂಡೆ. ಸಹಿ ಹಾಕಲು ಕೈ ಬರಲಿಲ್ಲ.

“ಸಾರ್, ಇದು ಇಲ್ಲಿಂದ ಎಲ್ಲಿಗೋಗ್ತದೆ?”

“ಕರಾವಳಿಗೆ. ಮೀನುಗಾರರು ಕಳೆದುಹೋದಾಗ ಹುಡುಕೋಕೆ.”

“ನಾನು ನಡ್ಕೊಂಡು ಬಂದೆ ಸಾರ್. ನೋಡಿ, ಸೊಂಟದ ಗಂಟ ಒದ್ದೆ. ಅಲ್ಲಿರೋನು ಇದು ಏಳಿದ ತಾವ್ಕೆ ಎದ್ದು ಬರಾಕಾಗಲ್ಲ.”

ಸುಧಾಕರ್ ನನ್ನ ಪ್ಯಾಂಟನ್ನು ಬಹಳ ಹೊತ್ತು ನೋಡಿದರು. ಆಮೇಲೆ ಫಾರಮ್ಮಿನ ಮೇಲಿಂದ ಕೆಳಗೆ ಒಂದು ಗೀಟು ಎಳೆದರು.

“ಹಾಗಾದ್ರೆ ಮೊದಲಿಂದ ಆಗ್ಬೇಕು. ನಿಮ್ಮನ್ನ ಮತ್ತೆ ಕೆರೆಗೆ ಬಿಡ್ಬೇಕು. ಇವತ್ತೇ.”

“ಬಿಡಿ ಸಾರ್, ಯಾರು ಬ್ಯಾಡ ಅಂದ್ರು?” ಎಂಬ ದನಿ ಹಿಂದಿನಿಂದ ಬಂತು. ಶ್ಯಾಮಲಾ. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಕೆಂಪಿಯ ಹಗ್ಗ. “ಆಲು ಕರ್ಕೊಟ್ಟು ಕಳೆದೋಗ್ಲಿ.”

ಹಸುವನ್ನು ಮಾವಿನ ಮರಕ್ಕೆ ಕಟ್ಟಿ, ಜಾಕೆಟ್ಟಿನಲ್ಲೇ ಕುಕ್ಕರಗಾಲಲ್ಲಿ ಕೂತೆ. ಕೆಂಪಿ ಜಾಕೆಟ್ಟನ್ನು ಮೂಸಿ, ಬಿರುಗಣ್ಣು ಬಿಟ್ಟು, ನನ್ನ ಕೈ ತಗುಲಿದ ಮೇಲೆ ಸುಮ್ಮನೆ ನಿಂತಿತು. ಬಕೆಟ್ಟಿನಲ್ಲಿ ಹಾಲು ಸದ್ದು ಮಾಡತೊಡಗಿತು.

ಉಬ್ಬರವನ್ನು ಸೊನ್ನೆ ಮಾಡುವ ದಾರಿ ಕೇಳಲು ಸುಧಾಕರ್ ಕಂಪನಿಗೆ ಫೋನ್ ಮಾಡಿದರು. ಆ ಕಡೆಯವರು ಏನೋ ಕೇಳಿರಬೇಕು. ಸುಧಾಕರ್ ನನ್ನ ಕಡೆ ತಿರುಗಿ ನೋಡಿದರು.

“ಇಲ್ಲ, ಇನ್ನೂ ಕಳೆದುಹೋಗಿಲ್ಲ,” ಎಂದರು. “ಹಾಲು ಕರೀತಿದ್ದಾರೆ.”

“ಐದು ನಿಮಿಷ ಅನ್ನಿ,” ಎಂದಳು ಶ್ಯಾಮಲಾ.