ನಾಲ್ಕೂವರೆಯ ಗಾಡಿ

ಮದುವೆಯಾಗಿ ಈ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷದಲ್ಲಿ ನಮ್ಮ ಮಾವ ನನ್ನ ಮುಖ ನೋಡಿ ಒಂದು ಮಾತು ಆಡಿದವರಲ್ಲ. ಜಗಳ ಗಿಗಳ ಏನೂ ಇಲ್ಲ. ಊಟಕ್ಕೆ ಕೂತಾಗ ನಾನು ಕೈಯಳತೆಯಲ್ಲೇ ಇದ್ದರೂ ಮಗನ ಕಡೆ ತಿರುಗಿ, "ಉಪ್ಪು ಸ್ವಲ್ಪ ಜಾಸ್ತಿಯಾಗಿದೆ ಅಂತ ಹೇಳಪ್ಪಾ" ಅನ್ನುವರು. ನನ್ನ ಗಂಡ ನನ್ನ ಕಡೆ ತಿರುಗಿ, "ಉಪ್ಪು ಜಾಸ್ತಿಯಂತೆ" ಅನ್ನುವನು. ಅವನು ಮನೆಯಲ್ಲಿ ಇಲ್ಲದಾಗ ಮಾವ ಫ್ರಿಜ್ಜಿಗೆ ಹೇಳುತ್ತಿದ್ದರು. "ಹಾಲು ಮುಗಿದಿದೆ" ಅಂತ ಅದರ ಬಾಗಿಲಿಗೆ ವರದಿ ಒಪ್ಪಿಸಿ ಕೋಣೆಗೆ ಹೋಗಿಬಿಡುವರು.

"ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಮನುಷ್ಯ ಕಣೇ," ಅಂತ ಗಂಡ ಸಮಾಧಾನ ಹೇಳುತ್ತಿದ್ದ. "ತಲೆ ಮೇಲೆ 'ಚಾಲಕರೊಡನೆ ಮಾತನಾಡಬೇಡಿ' ಅಂತ ಬೋರ್ಡು. ಅಮ್ಮ ಇದ್ದಾಗ ಅವಳ ಹತ್ರಾನೂ ಅಷ್ಟಕ್ಕಷ್ಟೇ."

ನಾನು ನಗುತ್ತಿದ್ದೆ. ಆದರೆ ಒಳಗೊಳಗೇ ನೋಯುತ್ತಿತ್ತು. ಹೊಗಳುವುದು ಬೇಡ, ಒಂದು ಸಲ ನೇರವಾಗಿ ಬೈದರೂ ಸಾಕು, ಈ ಮನೆಯವಳಾದೆ ಅಂದುಕೊಳ್ಳುತ್ತೇನೆ ಅನ್ನಿಸುತ್ತಿತ್ತು.

ನನ್ನ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ಡಾಕ್ಟರು ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ, ನಾನು ಮೇಣದಲ್ಲಿ ಹಲ್ಲು ಜೋಡಿಸಿ ಉಜ್ಜಿ ನುಣುಪು ಮಾಡುತ್ತೇನೆ. ವಾರದಲ್ಲಿ ಆರು ದಿನ ಕಂಡವರ ಬಾಯಲ್ಲಿ ಬದುಕುವವಳಿಗೆ ಏಳನೇ ದಿನ ಕಣ್ಣಿಗೆ ಒಂದಿಷ್ಟು ಬಯಲು ಬೇಡವೇ? ಅದಕ್ಕೇ ಭಾನುವಾರ ಕಂಪ್ಯೂಟರ್ ಮುಂದೆ ಕೂತು ಆನ್‌ಲೈನ್ ಆಟದೊಳಕ್ಕೆ ಇಳಿದುಬಿಡುತ್ತಿದ್ದೆ. ಆಟ ಅಂದರೆ ಬರೀ ಹೊಡೆದಾಟ ಅಲ್ಲ. ಅದೊಂದು ಪ್ರಪಂಚ. ಎಲ್ಲೆಲ್ಲಿಂದಲೋ ಸಾವಿರಾರು ಜನ ಒಂದೊಂದು ವೇಷ ಹಾಕಿಕೊಂಡು ಅಲ್ಲಿ ಓಡಾಡುತ್ತಾರೆ. ಅಲ್ಲಿ ಹಾಲುಗಲ್ಲಿನ ಬಂದರು ಇದೆ, ಹಡಗು ಬಂದಾಗಲೆಲ್ಲ ಕಟ್ಟೆಯೇ ಬೆಳಗುತ್ತದೆ. ಮಳೆ ನೆಲದಿಂದ ಮೇಲಕ್ಕೆ ಸುರಿಯುವ ಕಾಡು ಇದೆ. ಹೆಜ್ಜೆ ಇಟ್ಟಲ್ಲೆಲ್ಲ ಗಂಟೆ ನಾದ ಏಳುವ ಮರಳುಗಾಡಿದೆ. ಇವೆಲ್ಲ ನನ್ನ ತವರಿನಷ್ಟೇ ಗುರುತು ನನಗೆ.

ನೋಡದೆ ಉಳಿದಿದ್ದು ಒಂದೇ, ಮೋಡದೂರು. ಬೆಟ್ಟದ ತುದಿಯ ಆ ಊರಿನ ಬಾಗಿಲು ವರ್ಷಕ್ಕೊಮ್ಮೆ, ಒಂದು ಭಾನುವಾರ ನಾಲ್ಕು ಗಂಟೆಗೆ ತೆರೆದು ಹತ್ತೇ ನಿಮಿಷಕ್ಕೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಒಳಗಿದ್ದವರು ಹೊರಗೆ ಬರಬಹುದು, ಹೊರಗಿದ್ದವರು ಒಳಗೆ ಹೋಗುವಂತಿಲ್ಲ. ಹಿಂದಿನ ಮೂರು ವರ್ಷವೂ ನನಗೆ ಕೈತಪ್ಪಿತ್ತು.

ಒಂದು ಭಾನುವಾರ ನಾನು ಬಂದರಿನ ರಸ್ತೆಯಲ್ಲಿ ಕುದುರೆಗಾಡಿ ಹೊಡೆಯುತ್ತಿದ್ದೆ. ಮಾವ ಯಾವಾಗಲೋ ಬಂದು ಕುರ್ಚಿಯ ಹಿಂದೆ ನಿಂತಿದ್ದರು. ನಿವೃತ್ತಿಯಾದ ಮೇಲೆ ಕಿಟಕಿಯ ಪಕ್ಕ ಕೂತು, ಬೀದಿಯಲ್ಲಿ ಹೋಗುವ ಬಸ್ಸುಗಳನ್ನು ಗಡಿಯಾರಕ್ಕೆ ಹೋಲಿಸಿ "ಮೂರು ನಿಮಿಷ ಲೇಟು" ಅಂತ ಗೊಣಗುವುದೇ ಅವರ ದಿನಚರಿಯಾಗಿತ್ತು. ಈಗ ಮಗನನ್ನು ಕೂಗಿ, "ಆ ತಿರುವಿನಲ್ಲಿ ಸ್ವಲ್ಪ ನಿಧಾನ ಮಾಡೋಕೆ ಹೇಳೋ, ಗಾಡಿ ಮಗುಚುತ್ತೆ" ಅಂದರು. ನಾನು ನಿಧಾನ ಮಾಡಲಿಲ್ಲ, ಗಾಡಿ ಮಗುಚಿತು. ಮುಂದಿನ ವಾರ ಗಂಡನ ಹಳೇ ಕಂಪ್ಯೂಟರನ್ನು ನನ್ನದರ ಪಕ್ಕದಲ್ಲೇ ಇಟ್ಟು, ಆರು ಸೀಟಿನ ಒಂದು ಗಾಡಿಯನ್ನು ಅವರ ಹೆಸರಿಗೆ ಮಾಡಿಸಿಕೊಟ್ಟೆ.

ಆಟದಲ್ಲಿ ಎಲ್ಲರ ಹತ್ತಿರ ಹಾರುಕಲ್ಲು ಇರುತ್ತದೆ. ಒತ್ತಿದರೆ ಕಣ್ಣು ಮಿಟುಕಿಸುವುದರಲ್ಲಿ ಬೇಕಾದ ಊರಲ್ಲಿರುತ್ತೀರಿ. ಮಾವ ಅದನ್ನು ಮುಟ್ಟಲಿಲ್ಲ. "ದಾರಿನೇ ನೋಡದೆ ಊರಿಗೆ ಹೋಗೋದೇನು ಚೆಂದ?" ಅಂತ ಮಗನಿಗೆ ಹೇಳಿದರು. ತಿಂಗಳೊಪ್ಪತ್ತಿನಲ್ಲಿ ಇಡೀ ಪ್ರಪಂಚಕ್ಕೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರು. ಮೂರಕ್ಕೆ ಬಂದರು, ಮೂರು ಇಪ್ಪತ್ತಕ್ಕೆ ಮಳೆ ಕಾಡು, ಮೂರು ಐವತ್ತಕ್ಕೆ ಗಂಟೆ ಮರಳು, ಕೊನೆಗೆ ಬೆಟ್ಟದ ಬುಡ, ಅಲ್ಲಿಂದ ನಾಲ್ಕೂವರೆಗೆ ವಾಪಸು. ಮೇಲಕ್ಕೆ ಸುರಿಯುವ ಮಳೆ ಕಂಡು ಎಲ್ಲರೂ ಬೆರಗಾದರೆ ಇವರು, "ಇಲ್ಲಿ ವೈಪರ್ ಗಾಡಿ ಕೆಳಗೆ ಹಾಕ್ಬೇಕು" ಅಂದರು.

ಮೊದಮೊದಲು ಜನ ನಕ್ಕರು. ಆಮೇಲೆ ಸಾಲುಗಟ್ಟಿ ಕಾಯತೊಡಗಿದರು. ಹಾರುಕಲ್ಲಿನಲ್ಲಿ ಹೋಗುವವರಿಗೆ ಕಾಣದ ಹಳ್ಳ, ಗುಹೆ, ಒಂಟಿ ಮರ ಎಲ್ಲ ಆ ಗಾಡಿಯಲ್ಲಿ ಕಾಣುತ್ತಿತ್ತು. ನಿಯಮ ಎರಡೇ. ದಾರಿಯಲ್ಲಿ ಕೈ ಅಡ್ಡ ಹಾಕಿದವರನ್ನು ಬಿಟ್ಟು ಹೋಗುವುದಿಲ್ಲ. ಟೈಮಿಗೆ ಬಾರದವರಿಗೆ ಕಾಯುವುದಿಲ್ಲ. ಒಂದು ಸಲ ಮನೆ ಬಾಗಿಲು ಬಡಿದ ಸದ್ದಿಗೆ ನಾನು ಎದ್ದುಹೋಗಿ ಬರುವಷ್ಟರಲ್ಲಿ ಗಾಡಿ ಹೊರಟುಹೋಗಿತ್ತು. ಸೊಸೆ, ಪಕ್ಕದ ಕುರ್ಚಿಯವಳು, ಗಾಡಿ ಕೊಡಿಸಿದವಳು, ಯಾವ ಲೆಕ್ಕಕ್ಕೂ ಬರಲಿಲ್ಲ.

ಹೆಡ್‌ಫೋನಿನಲ್ಲಿ ಮಾವನ ಬಾಯಿ ಬಿಚ್ಚಿತ್ತು. "ಹತ್ತಿ ಹತ್ತಿ, ಒಳಗೆ ಹೋಗಿ, ಸೀಟಿದೆ" ಅಂತ ಎಲ್ಲರ ಹತ್ತಿರವೂ ಮಾತು. ಸದ್ಯ, ಇಲ್ಲಾದರೂ ನನ್ನ ಸರದಿ ಬಂತು ಅಂದುಕೊಂಡೆ. ಎಲ್ಲಿಯ ಮಾತು! ಆಟದಲ್ಲಿ ನನ್ನ ವೇಷಕ್ಕೆ ಹಸಿರು ಟೋಪಿ. "ಹಸಿರು ಟೋಪಿಯವರೇ, ಕೈ ಒಳಗಿಟ್ಕೊಳ್ಳಿ" ಅನ್ನುತ್ತಿದ್ದರು, ಗುರುತು ಪರಿಚಯ ಇಲ್ಲದ ಪ್ರಯಾಣಿಕಳಿಗೆ ಹೇಳುವ ಹಾಗೆ. ಒಂದೇ ಮೇಜು, ಮೊಣಕೈಗೆ ಮೊಣಕೈ ತಾಗುತ್ತಿತ್ತು!

ಈ ವರ್ಷದ ಪ್ರಕಟಣೆ ಬಂತು. ಮೋಡದೂರು ತೆರೆಯುವುದು ಇದೇ ಕೊನೆ, ಆಮೇಲೆ ಆ ಬೆಟ್ಟವನ್ನೇ ತೆಗೆದುಹಾಕುತ್ತಾರಂತೆ. ಅಲ್ಲಿಗೆ ಹೋಗಲು ಹಾರುಕಲ್ಲು ನಡೆಯುವುದಿಲ್ಲ, ರಸ್ತೆಯೇ ಗತಿ; ವಾಪಸು ಬರಲು ಮಾತ್ರ ಕಲ್ಲು ನಡೆಯುತ್ತದೆ. ಮಾವ ಆ ಒಂದು ದಿನದ ಮಟ್ಟಿಗೆ ಹೊರಡುವ ಹೊತ್ತನ್ನು ಹತ್ತು ನಿಮಿಷ ಮುಂಚೆ ಮಾಡಿ ನಮ್ಮನ್ನು ಹತ್ತಿಸಿಕೊಂಡರು. ನಾವು ಐವರು ಪ್ರಯಾಣಿಕರು.

ಗಂಟೆ ಮರಳು ದಾಟುವಾಗ ನಾಲ್ಕು ಹೊಡೆಯಿತು. ಅಷ್ಟರಲ್ಲಿ ದಾರಿ ಬದಿಯಲ್ಲಿ ಒಬ್ಬ ಹೊಸಬ, ಮೈಮೇಲೆ ಬರೀ ಗೋಣಿಚೀಲ, ಎರಡೂ ಕೈ ಬೀಸುತ್ತ ನಿಂತಿದ್ದ. ಮಾವ ಗಾಡಿ ನಿಲ್ಲಿಸಿದರು. ಆ ಪುಣ್ಯಾತ್ಮನಿಗೆ ಹತ್ತುವುದು ಹೇಗೆ ಅಂತಲೇ ಗೊತ್ತಿಲ್ಲ. ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿದ. ಕುದುರೆಯ ಮೇಲೆ ಹತ್ತಲು ನೋಡಿದ. ನಾಲ್ಕು ನಿಮಿಷ ಹೋಯಿತು.

"ಮಾವಾ, ಬಿಟ್ಟು ಹೊರಡಿ! ಬಾಗಿಲು ಮುಚ್ಚುತ್ತೆ!" ಅಂತ ಕೂಗಿದೆ. ಅವರ ಮೇಲೆ ದನಿ ಎತ್ತಿದ್ದು ಅದೇ ಮೊದಲು.

"ಹಸಿರು ಟೋಪಿಯವರು ಗಲಾಟೆ ಮಾಡ್ಬಾರ್ದು," ಅಂದರು ಮಾವ.

ಮೈಯೆಲ್ಲ ಉರಿದುಹೋಯಿತು. ಆದರೆ ಆಮೇಲೆ ಅವರು ಓಡಿಸಿದ ರೀತಿ ನೋಡಬೇಕಿತ್ತು. ಒಣಗಿದ ಹೊಳೆಯೊಳಗೆ ಇಳಿಸಿ, ಯಾರೂ ಕಾಣದ ಒಂದು ಬಂಡೆಸಂದಿನಲ್ಲಿ ನುಗ್ಗಿಸಿ, ಒಂಬತ್ತನೇ ನಿಮಿಷಕ್ಕೆ ಬೆಟ್ಟದ ಬುಡದಲ್ಲಿ ನಿಲ್ಲಿಸಿದರು. ಮುಂದೆ ಹಗ್ಗದ ಸೇತುವೆ, ಅದರಾಚೆಗೇ ಬಾಗಿಲು; ಗಾಡಿ ಹೋಗುವಂತಿಲ್ಲ. ಎಲ್ಲರೂ ಹಾರಿ ಓಡಿದರು. ಹೊಸಬನಿಗೆ ಇಳಿಯುವುದೂ ಗೊತ್ತಿರಲಿಲ್ಲ. "ಗಾಬರಿ ಆಗ್ಬೇಡಪ್ಪಾ, ಎಡಗಡೆ ಕೆಳಗಿನ ಕೀ ಒತ್ತು" ಅಂತ ಮಾವ ಸಾವಧಾನವಾಗಿ ಹೇಳುತ್ತಿದ್ದುದು ಕಿವಿಗೆ ಬೀಳುತ್ತಿತ್ತು. ನಾನು ಹಿಂತಿರುಗದೆ ಓಡಿದೆ. ನನ್ನ ಹಿಂದೆಯೇ ಗೋಣಿಚೀಲವೂ ಎದ್ದುಬಿದ್ದು ನುಗ್ಗಿತು. ಬಾಗಿಲು ಮುಚ್ಚಿತು. ಮಾವ ಹೊರಗೇ ಉಳಿದರು.

ಮೋಡದೂರು ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿತ್ತು. ನಡೆದರೆ ಬೀದಿ ಹತ್ತಿಯ ಹಾಗೆ ತಗ್ಗಿ, ಹಿಂದೆಯೇ ತುಂಬಿಕೊಳ್ಳುತ್ತಿತ್ತು. ಕೋಟೆಗೋಡೆ ಹತ್ತಿ ನೋಡಿದರೆ ಕೆಳಗೆ ಇಡೀ ಪ್ರಪಂಚ. ಬೇರೆ ಗಾಡಿಗಳಲ್ಲಿ ಬಂದವರು "ಅದೇನು, ಇದೇನು" ಅಂತ ಕೇಳುತ್ತಿದ್ದರು. ನನಗೆ ಒಂದೊಂದು ತಿರುವೂ ಗೊತ್ತಿತ್ತು. ಖುಷಿಯಲ್ಲಿ ಪಕ್ಕಕ್ಕೆ ತಿರುಗಿ, "ಮಾವಾ, ತುಂಬ ಚೆನ್ನಾಗಿದೆ. ನಾನು ಹಾರುಕಲ್ಲು ಒತ್ತಿ ಬಂದರಿಗೆ ಹೋಗ್ತೀನಿ, ನಿಮ್ಮ ಟೈಮಿಗೆ ನೀವು ಹೊರಡಿ" ಅಂದೆ. ಅವರು ಉತ್ತರ ಕೊಡಲಿಲ್ಲ. ಅದೇನು ಹೊಸದೇ?

ನಾಲ್ಕೂವರೆಯಾಯಿತು. ಕೆಳಗೆ ಗಾಡಿ ನಿಂತೇ ಇತ್ತು. ಬೇರೆ ಪ್ರಯಾಣಿಕರೆಲ್ಲ ಕಲ್ಲು ಒತ್ತಿ ಹೊರಟುಹೋಗಿದ್ದರು. ನಾಲ್ಕು ಮೂವತ್ತೈದು. ಕಂಪ್ಯೂಟರ್ ಕೆಟ್ಟಿತೇನೋ ಅಂತ ಓರೆಗಣ್ಣಿನಲ್ಲಿ ನೋಡಿದೆ. ಮಾವ ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು ಪರದೆಯ ಮೇಲಿನ ಸೇತುವೆಯನ್ನೇ ನೋಡುತ್ತಿದ್ದರು. ಗಡಿಯಾರದ ಕಡೆ ಒಮ್ಮೆ ನೋಡಿದರು, ಮತ್ತೆ ಸೇತುವೆಯ ಕಡೆ. ಕುದುರೆ ತಲೆ ಕೊಡವಿತು. ಮಾವ ಲಗಾಮು ಮುಟ್ಟಲಿಲ್ಲ.

ನನಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಹಾರುಕಲ್ಲು ಅಲ್ಲೇ ಬಿಸಾಕಿ ಮೆಟ್ಟಿಲು ಇಳಿಯತೊಡಗಿದೆ. ಹತ್ತಿ ಬಂದಿದ್ದ ನಾನೂರು ಮೆಟ್ಟಿಲು, ಬಾಗಿಲು, ಆಮೇಲೆ ಸೇತುವೆ. ಕೆಳಗೆ ತಲುಪಿದಾಗ ನಾಲ್ಕು ಐವತ್ತೆರಡು.

ಮಾವ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಕುರ್ಚಿ ತಿರುಗಿಸಿ ನನ್ನ ಮುಖ ನೋಡಿದರು.

"ಎಷ್ಟು ಹೊತ್ತು ಮಾಡ್ತೀಯಮ್ಮಾ ನೀನು?" ಅಂತ ಗದರಿದರು. "ನಿನ್ನ ಬಿಟ್ಟು ನಾನು ಹೇಗೆ ಹೊರಡ್ಲಿ?"

ನಾಲ್ಕು ವರ್ಷ ಕೂಡಿಟ್ಟುಕೊಂಡಿದ್ದ ಮಾತುಗಳು ಎಷ್ಟೋ ಇದ್ದವು, ಒಂದೂ ನೆನಪಾಗಲಿಲ್ಲ.

"ತಪ್ಪಾಯ್ತು ಮಾವ," ಅಂದೆ.